ಜವಾಬಿನ ಕಾಲಂ

ಒಂಬತ್ತನೇ ತರಗತಿಯ ಪುಸ್ತಕದಲ್ಲಿ
ಕೊಲೆಯಾದ ಯಹೂದಿಗಳಿಗೆ ಒಂದೇ ಸಾಲು:
ಅರವತ್ತು ಲಕ್ಷ.
ಮಕ್ಕಳು ಸ್ಕೇಲಿಟ್ಟು ಅಡಿಗೆರೆ ಎಳೆದರು.
"ಎಷ್ಟು ಸೊನ್ನೆ ಮಿಸ್?" ಕೇಳಿದ ಇಶಾಮ್.
ಆರು, ಎಂದೆ. ಬೋರ್ಡಿನ ಮೇಲೆ ಬರೆದೂ ತೋರಿಸಿದೆ.
ಎ.ಸಿ. ಗೊರಗುಟ್ಟುತ್ತಿತ್ತು. ಹೊರಗೆ ಮನಾಮದ ಬಿಸಿಲು
ಶಾಲೆ ಬಸ್ಸಿನ ಟಯರು ಮೂಸುತ್ತ ಬಿದ್ದಿತ್ತು.

ಮುಂದಿನ ಸೋಮವಾರ ಮಾರ್ಸೆಲ್ ಅಜ್ಜಿಯನ್ನು ಕರೆತಂದೆ.
ಚಿನ್ನದ ಪೇಟೆಯ ಹಿಂದಿನ ಓಣಿಯವಳು.
ಅವಳಪ್ಪ ನಾಜಿ ನೋಟು ಬದಲಿಸುವ ಅಂಗಡಿಯವನು,
ರೂಪಾಯಿ, ದಿನಾರು, ಪೌಂಡು.
ಅವಳು ತಂದದ್ದು ಆಲ್ಬಮ್ಮಲ್ಲ, ಅಂಗಡಿಯ ಖಾತೆ ಪುಸ್ತಕ.
ಮನೆಗೆ ಬಂದ ಕಾಗದವನ್ನೂ ಆತ ಜಮೆ ಬರೆಯುತ್ತಿದ್ದ:
ತಾರೀಕು, ಊರು, ಕಳಿಸಿದವರು, ಕೊನೆಗೆ
ಜವಾಬು ಎಂಬೊಂದು ಕಾಲಂ.
ಅಲ್ಲಿ ಟಿಕ್ಕು ಬಿದ್ದರೆ ಚುಕ್ತಾ.

ಸಾವಿರದೊಂಬೈನೂರ ನಲವತ್ತೊಂದು, ಜೂನ್. ಬಾಗ್ದಾದ್.
ತಂಗಿ ಹಬೀಬಾಳದು. ಮಾತು ಅರಬಿ, ಲಿಪಿ ಹೀಬ್ರೂ.
ಅಜ್ಜಿ ಗಟ್ಟಿಯಾಗಿ ಓದಿದಳು. ಸುಡಾನಿನ ಅರಬಿ ಮೇಷ್ಟ್ರು
ಮುತವಕ್ಕಿಲ್ ಒಂದೊಂದೇ ವಾಕ್ಯ ಇಂಗ್ಲಿಷಿಗೆ ಇಳಿಸಿದರು.
ನನ್ನೊಳಗೆ ಅದು ತಾನಾಗಿಯೇ ಗಂಗೊಳ್ಳಿಯ ಕನ್ನಡವಾಯಿತು:

"ಅಣ್ಣಾ, ಹಬ್ಬದ ದಿನವೇ ಓಣಿಯ ತುದಿಯಿಂದ ಕೂಗು ಬಂತು.
ಹಾಲನ್ನದ ಪಾತ್ರೆ ಒಲೆಯಿಂದ ಇಳಿಸಲಿಲ್ಲ ನಾನು.
ತಾರಸಿ ದಾಟಿ ಉಮ್ ಜಾಸಿಮಳ ಮನೆಗೆ ಇಳಿದೆವು.
ಅವಳು ಹೊಸಿಲಲ್ಲಿ ಕೂತು ಬೀನ್ಸ್ ಬಿಡಿಸುತ್ತ
ಒಳಗೆ ಯಾರೂ ಇಲ್ಲ ಎಂದಳು. ಎರಡು ದಿನ, ಎಷ್ಟೋ ಸಲ.
ಎರಡನೆಯ ಸಂಜೆ, ಮಕ್ಕಳಿಗೆ ರೊಟ್ಟಿ ತರುತ್ತೇನೆಂದು
ಮೆಟ್ಟಿಲಿಳಿದ ಶಾವೂಲ್ ಇನ್ನೂ ಬಂದಿಲ್ಲ.
ಪಾತ್ರೆ ತಳ ಹಿಡಿದಿದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ."

ಕೊನೆಯ ಒಂದು ಪದ ಮುತವಕ್ಕಿಲರಿಗೆ ದಕ್ಕಲಿಲ್ಲ.
ಅಜ್ಜಿ ಕೈಯಲ್ಲಿ ತೋರಿಸಿದಳು, ಮಗುವಿನ ತಲೆ
ನೇವರಿಸುವ ಹಾಗೆ. ಇಲ್ಲಾ ಹಿಟ್ಟು ತಟ್ಟುವ ಹಾಗೆ.

"ಬಾಗ್ದಾದ್ ಪುಸ್ತಕದಲ್ಲಿಲ್ಲ ಮಿಸ್," ಅಂದಳು ಡೆಲ್ಫಿನ್,
"ಪೋಲೆಂಡ್ ಇದೆ, ಜರ್ಮನಿ ಇದೆ. ಪರೀಕ್ಷೆಗೆ ಬರುತ್ತಾ?"
ಇವರು ಆ ಅರವತ್ತು ಲಕ್ಷದ ಲೆಕ್ಕಕ್ಕೆ ಸೇರಿಲ್ಲ ಎಂದೆ.
ಮತ್ತೆ ಯಾವ ಲೆಕ್ಕಕ್ಕೆ ಎಂದು ಅವಳು ಕೇಳಲಿಲ್ಲ, ಪುಣ್ಯಕ್ಕೆ.

ಖಾತೆಯಲ್ಲಿ ಆ ಸಾಲಿನೆದುರು ಟಿಕ್ಕಿಲ್ಲ.
ನಾಜಿ ಬರೆದಿದ್ದ. ಬರೆದದ್ದು ತಿರುಗಿ ಬಂದಿತ್ತು:
ಹಿಂದೂಸ್ತಾನದ ಅಂಚೆಚೀಟಿ, ದೊರೆಯ ಮುಖದ ಮೇಲೆ
ಬಹರೇನ್ ಎಂಬ ಕರಿಯಕ್ಷರ, ಸೆನ್ಸಾರಿನವರ ಅಂಟುಪಟ್ಟಿ,
ಈ ವಿಳಾಸದಲ್ಲಿ ಇಲ್ಲ ಎಂಬ ಮುದ್ರೆ.
ಅಪ್ಪ ತೆರೆಯಲಿಲ್ಲ, ನಾನೂ, ಎಂದಳು ಅಜ್ಜಿ.
"ಆಣೆ! ನಮ್ಮ ಆಣೆ!" ಇಶಾಮ್ ಚೀಟಿ ನೋಡಿ ಕುಣಿದ.
ಆಮೇಲೆ ಲಕೋಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ಸುಮ್ಮನಾದ.
"ಹಾಗಾದರೆ ಇದನ್ನು ಓದಿದ್ದು
ಆ ಸೆನ್ಸಾರಿನವನೊಬ್ಬನೇ."

ಏನು ಹೇಳಲಿ. ನನ್ನಪ್ಪ ಇದೇ ದ್ವೀಪದಿಂದ,
ಸಿತ್ರಾದ ಎಣ್ಣೆ ಕಾರ್ಖಾನೆಯಿಂದ ಹನ್ನೊಂದು ವರ್ಷ ಬರೆದದ್ದನ್ನೆಲ್ಲ
ಅಮ್ಮ ಒಂದು ಬೆಳಿಗ್ಗೆ ಹಂಡೆಯೊಲೆಗೆ ಹಾಕಿ ನೀರು ಕಾಸಿದಳು.
ಯಾಕೆಂದು ಹೇಳಲಿಲ್ಲ.
ಆ ನೀರಲ್ಲಿ ಮಿಂದು ನಾನು ಶಾಲೆಗೆ ಹೋಗಿದ್ದೆ.
ಬಿಸಿ ಚೆನ್ನಾಗಿತ್ತು.

ಅರ್ಧವಾರ್ಷಿಕ ಪರೀಕ್ಷೆ. ಪ್ರಶ್ನೆ ಏಳು, ಒಂದು ಅಂಕ:
ಯುದ್ಧಕಾಲದಲ್ಲಿ ಕೊಲೆಯಾದ ಯಹೂದಿಗಳೆಷ್ಟು?
ಇಶಾಮ್ ಬರೆದಿದ್ದಾನೆ:
ಅರವತ್ತು ಲಕ್ಷ. ಅಲ್ಲದೆ ಶಾವೂಲ್.

ಉತ್ತರಸೂಚಿಯಲ್ಲಿ ಶಾವೂಲ್ ಇಲ್ಲ.
ಕೆಂಪು ಪೆನ್ನು ಹಿಡಿದು ಬಾಲ್ಕನಿಯಲ್ಲಿ ಕೂತಿದ್ದೇನೆ.
ಕೆಳಗೆ ಬೇಕರಿಯಿಂದ ಯಾರೋ ಒಬ್ಬ
ಬಿಸಿ ಖುಬ್ಸನ್ನು ಹಳೆ ಪತ್ರಿಕೆಯಲ್ಲಿ ಸುತ್ತಿ, ಎದೆಗೊತ್ತಿಕೊಂಡು,
ಮನೆಯ ಕಡೆಗೆ ಬರುತ್ತಿದ್ದಾನೆ.